ಕಲಬುರಗಿಯಲ್ಲಿ ರಾತ್ರಿ ಬೇಗ ಆಗುವ ಸಸ್ಯಾಹಾರಿ ಅಡುಗೆ ಯಾವುದು? ಮೊಟ್ಟೆ, ಉಳ್ಳಾಗಡ್ಡಿ ಸಸ್ಯಾಹಾರವೇ?

ಕೆಲಸಕ್ಕೆಂದು ಕಲಬುರಗಿಗೆ ಬಂದು ಮೂವರು ಒಂದೇ ಮನೆಯಲ್ಲಿದ್ದೀರಿ. ಒಬ್ಬರು ಮೊಟ್ಟೆಯೂ ಸಸ್ಯಾಹಾರ ಅಂತಾರೆ, ಇನ್ನೊಬ್ಬರು ಜೈನರು, ಉಳ್ಳಾಗಡ್ಡಿಯೇ ಬೇಡ ಅಂತಾರೆ. ಅಡುಗೆಗೆ ಸಿಗೋದು ಅರ್ಧ ಗಂಟೆ ಅಂತ ಬರೆದಿದ್ದೀರಿ. ನಾನು ಇದೇ ಊರಿನವಳು, ದಿನಾ ಸಂಜೆ ಏಳಕ್ಕೆ ಮನೆ ಸೇರುವವಳು. ನನಗೆ ಗೊತ್ತಿರೋದನ್ನ ಹೇಳ್ತೀನಿ.

ಮೊದಲು ಒಂದು ಕಟ್ಟು ಖಡಕ್ ರೊಟ್ಟಿ ತಂದಿಡಿ. ನಮ್ಮ ಊರಲ್ಲಿ ರೊಟ್ಟಿ ಬಡಿದು ಮಾರುವ ಹೆಣ್ಣುಮಕ್ಕಳು ಬೇಕಾದಷ್ಟು ಜನ ಇದ್ದಾರೆ. ತೇವ ತಾಗದ ಹಾಗೆ ಡಬ್ಬಿಯಲ್ಲಿಟ್ಟರೆ ವಾರಗಟ್ಟಲೆ ಕೆಡಲ್ಲ. ರೊಟ್ಟಿ ಇದ್ದರೆ ಅರ್ಧ ಊಟ ಆದ ಹಾಗೇ, ಒಂದು ಪಲ್ಯ ಮಾಡಿಕೊಂಡರೆ ಸಾಕು.

ಆ ಪಲ್ಯ ಜುಣಕ ಆಗಲಿ. ಮೂವರಿಗೆ ಒಂದು ಲೋಟ ಕಡಲೆಹಿಟ್ಟು, ಎರಡೂವರೆ ಲೋಟ ನೀರು. ಹಿಟ್ಟನ್ನು ಮೊದಲು ಸ್ವಲ್ಪ ನೀರಲ್ಲಿ ಕಲಸಿ ಗಂಟು ಒಡೆದು, ಆಮೇಲೆ ಉಳಿದ ನೀರು ಹಾಕಿ. ಬಾಣಲೆಯಲ್ಲಿ ಎಣ್ಣೆ, ಸಾಸಿವೆ, ಜೀರಿಗೆ, ಕರಿಬೇವು, ಜಜ್ಜಿದ ಹಸಿಮೆಣಸಿನಕಾಯಿ, ಅರಿಶಿನ, ಇಂಗು. ಹಿಟ್ಟಿನ ನೀರು ಹೊಯ್ದು ಉಪ್ಪು ಹಾಕಿ, ಉರಿ ಸಣ್ಣ ಮಾಡಿ, ಕೈ ಬಿಡದೆ ತಿರುವಿ. ಮೊದಲು ತೆಳ್ಳಗೆ ಕಾಣುತ್ತೆ, ನೋಡುನೋಡುತ್ತಲೇ ಗಟ್ಟಿಯಾಗಿ ಗುಳುಗುಳು ಅನ್ನುತ್ತೆ. ಆಗ ಕೈ ಮೇಲೆ ಸಿಡಿಯುತ್ತೆ, ಹುಷಾರು. ಅಂಚು ಬಿಟ್ಟುಕೊಂಡು ಹಸಿ ವಾಸನೆ ಹೋಗೋ ತನಕ ಮುಚ್ಚಿ ಬೇಯಿಸಿ. ಅಲ್ಲಿಗೆ ಊಟ ರೆಡಿ. ಎಲ್ಲಾ ಸೇರಿ ಇಪ್ಪತ್ತು ನಿಮಿಷ ಹಿಡಿಯುತ್ತೆ.

ಇದರಲ್ಲಿ ಉಳ್ಳಾಗಡ್ಡಿ ಹೇಳಲಿಲ್ಲ, ಗಮನಿಸಿದಿರಾ? ಸಾಮಾನ್ಯವಾಗಿ ಹಾಕ್ತಾರೆ. ಆದರೆ ನಿಮ್ಮ ಮನೆಯಲ್ಲಿ ಪಾತ್ರೆ ಒಳಗೆ ಬೇಡ. ಹೇಗೂ ರೊಟ್ಟಿ ಜೊತೆ ಹಸಿ ಉಳ್ಳಾಗಡ್ಡಿ ಕಡಿಯೋದು ನಮ್ಮ ರೂಢಿ. ಬೇಕಾದವರು ತಟ್ಟೆ ಬದಿಗೆ ಇಟ್ಟುಕೊಳ್ಳಲಿ.

ಭಾನುವಾರ ಪುಂಡಿ ಪಲ್ಯ ಮಾಡಿಟ್ಟರೆ ಸೋಮವಾರಕ್ಕೂ ಆಗುತ್ತೆ, ಮರುದಿನ ರುಚಿ ಇನ್ನೂ ಜಾಸ್ತಿ. ಪುಂಡಿ ಅನ್ನೋ ಹುಳಿ ಸೊಪ್ಪು, ಜೋಳದ ನುಚ್ಚು, ನಮ್ಮ ತೊಗರಿಬೇಳೆ. 2019ರಲ್ಲಿ ಜಿಐ ಟ್ಯಾಗ್ (ಈ ಊರಿನದೇ ಅನ್ನೋ ಭೌಗೋಳಿಕ ಗುರುತು) ಸಿಕ್ಕ ಬೇಳೆ ಇದು, ಇಲ್ಲಿದ್ದು ಬೇರೆ ಕಡೆಯದು ತಿನ್ನಬೇಡಿ. ಬಳ್ಳೊಳ್ಳಿ ಒಗ್ಗರಣೆಯನ್ನು ಮಾತ್ರ ಕೊನೆಗೆ, ಜೈನ ಗೆಳೆಯರ ಪಾಲು ತೆಗೆದಿಟ್ಟ ಮೇಲೆ ಹಾಕಿ. ಏನೂ ಮಾಡೋಕೆ ಆಗದ ದಿನ ಸುಸಲಾ ಇದೆ. ಚುರುಮುರಿ ನೀರಲ್ಲಿ ಅದ್ದಿ ಹಿಂಡಿ, ಶೇಂಗಾ ಒಗ್ಗರಣೆ, ಪುಟಾಣಿ (ಹುರಿಗಡಲೆ) ಹಿಟ್ಟು. ಹತ್ತೇ ನಿಮಿಷ.

ಇನ್ನು ಯಾರು ಸರಿ ಅನ್ನೋ ಪ್ರಶ್ನೆ. ನಮ್ಮ ದೇಶದ ಲೇಬಲ್ ನಿಯಮದಲ್ಲಿ ಮೊಟ್ಟೆ ಮಾಂಸಾಹಾರ. ಹಾಲು, ಜೇನು ಸಸ್ಯಾಹಾರ. ಹಸಿರು ಚೌಕದೊಳಗೆ ಹಸಿರು ಚುಕ್ಕೆ ಇದ್ದರೆ ಸಸ್ಯಾಹಾರ, ಕಂದು ತ್ರಿಕೋನ ಇದ್ದರೆ ಅಲ್ಲ. ಅಂಗಡಿಯ ಸಾಮಾನಿಗೆ ಇದನ್ನ ನೋಡಲೇಬೇಕು. ನೂಡಲ್ಸ್, ಕೇಕ್‌ಗಳಲ್ಲಿ ಮೊಟ್ಟೆ ಇರಬಹುದು. ಮಾರ್ಷ್‌ಮ್ಯಾಲೋ ಥರದ ಸಿಹಿಯಲ್ಲಿ ಜೆಲಾಟಿನ್ ಇರಬಹುದು, ಅದು ಪ್ರಾಣಿಯ ಮೂಳೆ, ಚರ್ಮದಿಂದ ಬರೋದು. ಆಯ್ಸ್ಟರ್ ಸಾಸ್ ಮಾಡೋದೇ ಸಿಂಪಿಯಿಂದ.

ಆದರೆ ಹಸಿರು ಚುಕ್ಕೆ ಉಳ್ಳಾಗಡ್ಡಿ ಬಗ್ಗೆ ಏನೂ ಹೇಳಲ್ಲ. ಇದನ್ನ ನಾನು ಕಷ್ಟಪಟ್ಟು ಕಲಿತೆ. ಒಮ್ಮೆ ಜೈನ ಮನೆತನದ ಸಹೋದ್ಯೋಗಿಯೊಬ್ಬರನ್ನು ಊಟಕ್ಕೆ ಕರೆದಿದ್ದೆ. ಹೊತ್ತು ಮುಳುಗೋ ಮೊದಲೇ ಉಣ್ಣೋದು ಅವರ ಪದ್ಧತಿ, ಅದಕ್ಕೇ ಐದೂವರೆಗೆ ಬಂದರು. ಉಳ್ಳಾಗಡ್ಡಿ, ಬಳ್ಳೊಳ್ಳಿ ಇಲ್ಲದ ಆಲೂಗಡ್ಡೆ ಪಲ್ಯ ಮಾಡಿದ್ದೆ. ಗಡ್ಡೆ ಯಾವುದೂ ನಡೆಯಲ್ಲ ಅಂತ ನನಗೆ ಗೊತ್ತಿರಲಿಲ್ಲ. ಪಕ್ಕದಲ್ಲಿದ್ದ ಶೇಂಗಾ ಹಿಂಡಿಯಲ್ಲೂ (ಚಟ್ನಿಪುಡಿ) ಬಳ್ಳೊಳ್ಳಿ. ಅವರು ಏನೂ ಅನ್ನಲಿಲ್ಲ. ರೊಟ್ಟಿಯನ್ನು ಸಣ್ಣಗೆ ಮುರಿದು ಮೊಸರಲ್ಲಿ ಹಾಕಿ, ಅದು ನೆನೆಯೋ ತನಕ ನನ್ನ ಜೊತೆ ಮಾತಾಡ್ತಾ ಕೂತರು. ಅವರು ಹೋದಮೇಲೆ ಆ ಪಲ್ಯದ ಪಾತ್ರೆ ನೋಡಿ ಅಳು ಬಂತು. ಒಂದು ಮಾತು ಮೊದಲೇ ಕೇಳಬಹುದಿತ್ತು.

ಅದಕ್ಕೇ ಹೇಳ್ತೀನಿ, ನಿಮ್ಮ ಗೆಳೆಯರನ್ನ ಕೂರಿಸಿ ಕೇಳಿ. ಆಲೂಗಡ್ಡೆ, ಗಜ್ಜರಿ, ಹಸಿ ಶುಂಠಿ ನಡೆಯುತ್ತಾ? ಹೊತ್ತು ಮುಳುಗಿದ ಮೇಲೆ ಉಣ್ತೀರಾ? ಚಾತುರ್ಮಾಸದಲ್ಲಿ, ಅಂದರೆ ಮಳೆಗಾಲದ ನಾಲ್ಕು ತಿಂಗಳು, ಸೊಪ್ಪು ಬಿಡ್ತೀರಾ? ಬಿಡೋದಾದರೆ ಆ ತಿಂಗಳುಗಳಲ್ಲಿ ಪುಂಡಿ ಪಲ್ಯ ಬೇಡ. ಮೊಟ್ಟೆ ತಿನ್ನುವವರಿಗೆ ಒಂದು ಸಣ್ಣ ತವಾ, ಒಂದು ಸೌಟು ಬೇರೆ ತೆಗೆದಿಡಿ, ಅದನ್ನ ಜುಣಕದ ಬಾಣಲೆ ಜೊತೆ ಸೇರಿಸಬೇಡಿ.