ನಾವು ಹಾಕಿದ ಆ ಒಂದು ಸಾಲು

ತಿಪಟೂರಿನಿಂದ ನಿವೃತ್ತ ಶಿಕ್ಷಕಿಯೊಬ್ಬರು ಬರೆದಿದ್ದಾರೆ: "ಹೋದ ಸಂಚಿಕೆಯಲ್ಲಿ 'ಊಟ ಮಾಡಿದಾಗ ಹೊಟ್ಟೆಯಲ್ಲಿ ಬರುವ ಗ್ಯಾಸ್ಟ್ರಿನ್ ಎಂಬ ಹಾರ್ಮೋನು ಜಠರದ ಕ್ಯಾನ್ಸರ್ ಕೋಶಗಳನ್ನು ಬೆಳೆಸುತ್ತದೆ' ಎಂದು ಒಂದೇ ಸಾಲು ಹಾಕಿ ಕೈತೊಳೆದುಕೊಂಡಿದ್ದೀರಿ. ಹಾಗಾದರೆ ಊಟ ಮಾಡುವುದೇ ತಪ್ಪಾ? ನಮ್ಮ ಯಜಮಾನರು 8 ವರ್ಷದಿಂದ ದಿನಾ ಬೆಳಿಗ್ಗೆ ಗ್ಯಾಸ್ ಮಾತ್ರೆ ನುಂಗುತ್ತಾರೆ. ಮಂಡಿನೋವಿನ ಮಾತ್ರೆ ಜೊತೆ ಕೊಟ್ಟಿದ್ದು. ಮಂಡಿನೋವಿನ ಮಾತ್ರೆ ನಿಂತು ಎಷ್ಟೋ ಕಾಲವಾಯಿತು, ಇದು ಮಾತ್ರ ನಿಂತಿಲ್ಲ. ಅದರಿಂದ ಗ್ಯಾಸ್ಟ್ರಿನ್ ಜಾಸ್ತಿ ಆಗುತ್ತದೆ ಅಂತ ಮಗ ಫೋನಿನಲ್ಲಿ ಹುಡುಕಿ ಹೇಳಿದ. ಅವತ್ತೇ ಇವರು ಮಾತ್ರೆ ಬಿಟ್ಟರು. ಈಗ ಎದೆಯುರಿ ತಡೆಯಲಾಗದೆ ರಾತ್ರಿ ಎದ್ದು ಕೂರುತ್ತಾರೆ. ಸರಿಯಾಗಿ ಬಿಡಿಸಿ ಬರೆಯಿರಿ."

ಮೇಡಂ, ನೀವು ಬೈದಿದ್ದು ಸರಿಯಾಗಿಯೇ ಇದೆ. ಪುಟದ ಮೂಲೆಯಲ್ಲಿ ಎರಡು ಬೆರಳಷ್ಟು ಜಾಗ ಉಳಿದಿತ್ತು, ಆ ಸಾಲು ಹಾಕಿ ಮುಚ್ಚಿದೆವು. ಅದು ಸುಳ್ಳೇನಲ್ಲ. ಆದರೆ ಯಾವ ಕೋಶ, ಎಷ್ಟು ಗ್ಯಾಸ್ಟ್ರಿನ್, ಎಂಥ ಹೊಟ್ಟೆ ಅನ್ನುವುದನ್ನೆಲ್ಲ ಬಿಟ್ಟು ಬರೆದರೆ ನಿಮ್ಮ ಮನೆಯಲ್ಲಿ ಆದ ಹಾಗೇ ಆಗುತ್ತದೆ.

ಊಟದಿಂದಲೇ ಶುರು ಮಾಡೋಣ. ಮಧ್ಯಾಹ್ನ ನೀವು ಮುದ್ದೆ ಮುರಿದು ಹುರುಳಿಕಾಳಿನ ಸಾರಿನಲ್ಲಿ ಅದ್ದಿ ನುಂಗಿದಿರಿ ಅಂತಿಟ್ಟುಕೊಳ್ಳಿ. ಜಠರದ ಕೆಳತುದಿಯ ಒಳಗೋಡೆಯಲ್ಲಿ ಜಿ ಕೋಶ ಅಂತ ಕರೆಯುವ ಕೋಶಗಳಿವೆ. ಕಾಳಿನ ಪ್ರೋಟೀನು ಕರಗಿ ಚೂರುಚೂರಾಗಿ ತಾಗಿತೆಂದರೆ ಅವು ಗ್ಯಾಸ್ಟ್ರಿನ್ ಬಿಡುತ್ತವೆ. (ಮುದ್ದೆಗಿಂತ ಸಾರಿಗೇ ಇವು ಬೇಗ ಏಳುವುದು.) ಈ ಗ್ಯಾಸ್ಟ್ರಿನ್ ನೇರವಾಗಿ ಊಟದ ಮೇಲೆ ಬೀಳುವುದಿಲ್ಲ. ರಕ್ತಕ್ಕೆ ಸೇರಿ, ಮೈಯೆಲ್ಲ ಒಂದು ಸುತ್ತು ಹಾಕಿ, ಜಠರದ ಮೇಲ್ಭಾಗಕ್ಕೆ ವಾಪಸು ಬರುತ್ತದೆ. ಅಲ್ಲಿ ಇಸಿಎಲ್ ಅನ್ನುವ ಕೋಶಗಳಿವೆ. ಅವು ಹಿಸ್ಟಮಿನ್ ಬಿಡುತ್ತವೆ, ಪಕ್ಕದ ಕೋಶಗಳು ಆಸಿಡ್ ಸುರಿಸುತ್ತವೆ. ಆಸಿಡ್ ಸಾಕಷ್ಟಾಯಿತು ಅನ್ನುವಾಗ ಡಿ ಕೋಶಗಳು ಸೊಮ್ಯಾಟೋಸ್ಟ್ಯಾಟಿನ್ ಎಂಬ ಇನ್ನೊಂದು ಹಾರ್ಮೋನು ಬಿಟ್ಟು ಗ್ಯಾಸ್ಟ್ರಿನ್ನಿಗೆ ಬ್ರೇಕ್ ಹಾಕುತ್ತವೆ. ಎಲೆ ಎತ್ತುವ ಹೊತ್ತಿಗೆ ಏರಿದ್ದು ಮುಂದಿನ ಊಟದ ಹೊತ್ತಿಗೆ ಇಳಿದಿರುತ್ತದೆ. ಆದ್ದರಿಂದ ನಿಶ್ಚಿಂತೆಯಾಗಿ ಉಣ್ಣಿ.

ಗ್ಯಾಸ್ಟ್ರಿನ್ನಿಗೆ ಇನ್ನೊಂದು ಕೆಲಸವೂ ಇದೆ. ತಕರಾರು ಬರುವುದು ಅಲ್ಲೇ. ಆಸಿಡ್ ಜೊತೆ ದಿನಾ ಏಗುವ ಜಠರದ ಒಳಪದರ ಸವೆಯುತ್ತಲೇ ಇರುತ್ತದೆ. ಮೇಲಿನ ಕೋಶಗಳು ಕೆಲವೇ ದಿನಗಳಲ್ಲಿ ಉದುರಿ ಹೊಸವು ಬರಬೇಕು. "ಬೆಳೆಯಿರಿ" ಎಂದು ಹೇಳುವವರಲ್ಲಿ ಗ್ಯಾಸ್ಟ್ರಿನ್ ಕೂಡ ಒಬ್ಬ.

ಲಂಡನ್ನಿನ ಜಾನ್ ಎಡ್ಕಿನ್ಸ್ 1905ರಲ್ಲೇ ಇಂಥದ್ದೊಂದು ವಸ್ತು ಇದೆ ಎಂದು ಹೇಳಿದ್ದರು. ಬಹಳ ಜನ ನಂಬಲಿಲ್ಲ. ಅದು ಬರೀ ಹಿಸ್ಟಮಿನ್ ಇರಬೇಕು ಅಂದುಕೊಂಡರು. ಲಿವರ್‌ಪೂಲಿನ ಗ್ರೆಗರಿ ಮತ್ತು ಟ್ರೇಸಿ ಹಂದಿಯ ಜಠರದಿಂದ ಶುದ್ಧ ಗ್ಯಾಸ್ಟ್ರಿನ್ ತೆಗೆದು ತೋರಿಸಿದ್ದು 1964ರಲ್ಲಿ. ಅಷ್ಟು ಹೊತ್ತಿಗೆ ಎಡ್ಕಿನ್ಸ್ ಬದುಕಿರಲಿಲ್ಲ, ಪಾಪ.

ಈಗ ಕ್ಯಾನ್ಸರ್ ಕೋಶದ ವಿಷಯ. ಗ್ಯಾಸ್ಟ್ರಿನ್ ಹೇಳಿದ್ದು ಕೇಳಿಸಬೇಕಾದರೆ ಕೋಶಕ್ಕೆ ಕಿವಿ ಬೇಕು. ಆ ಕಿವಿಯ ಹೆಸರು ಸಿಸಿಕೆ-2 ರಿಸೆಪ್ಟರ್. ಇಸಿಎಲ್ ಕೋಶಗಳಿಗೆ ಇದು ಚೆನ್ನಾಗಿದೆ. ಜಠರದ ಕ್ಯಾನ್ಸರ್ ಕೋಶಗಳಲ್ಲಿ ಕೆಲವಕ್ಕಿದೆ, ಹಲವಕ್ಕಿಲ್ಲ. ಪ್ರಯೋಗಾಲಯಗಳಲ್ಲಿ ಎಜಿಎಸ್ ಎಂಬ ಕೋಶಗಳನ್ನು ತುಂಬ ಬಳಸುತ್ತಾರೆ. 54 ವರ್ಷದ ಹೆಂಗಸೊಬ್ಬರ ಗಡ್ಡೆಯಿಂದ ತೆಗೆದು, ತಟ್ಟೆಗಳಲ್ಲಿ ಇವತ್ತಿಗೂ ಬೆಳೆಸುತ್ತಿರುವ ಕೋಶಗಳು ಅವು. ಗ್ಯಾಸ್ಟ್ರಿನ್ ಏನು ಮಾಡುತ್ತದೆ ನೋಡಬೇಕೆಂದಾಗ ವಿಜ್ಞಾನಿಗಳು ಆ ಕೋಶಗಳೊಳಗೆ ರಿಸೆಪ್ಟರಿನ ಜೀನ್ ತೂರಿಸಿ, ಕಿವಿ ಹಚ್ಚಿಯೇ ಪ್ರಯೋಗಕ್ಕೆ ಕೂತರು. ಆಮೇಲೆ ಗ್ಯಾಸ್ಟ್ರಿನ್ ಹಾಕಿದರೆ ತಮಾಷೆ ನೋಡಿ. ಗುಂಪಾಗಿ ಅಂಟಿಕೊಂಡಿದ್ದ ಕೋಶಗಳು ಬಿಡಿಬಿಡಿಯಾಗಿ ತಟ್ಟೆಯಲ್ಲಿ ಹರಿದಾಡತೊಡಗುತ್ತವೆ. ಬೆಳವಣಿಗೆಗೆ ಸಂಬಂಧಿಸಿದ ಇಜಿಎಫ್ಆರ್ ಎಂಬ ಇನ್ನೊಂದು ರಿಸೆಪ್ಟರ್ ಕೂಡ ಎಚ್ಚರಗೊಳ್ಳುತ್ತದೆ. ಸಾಯಬೇಕಾದ ಕೋಶಗಳು ಸಾಯದೆ ಉಳಿದುಕೊಳ್ಳುತ್ತವೆ. ನಮ್ಮ ಒಂದು ಸಾಲಿನ ಹಿಂದೆ ಇದ್ದದ್ದು ಇಂಥ ತಟ್ಟೆಗಳೇ. ಕಿವಿ ಹಚ್ಚಿದ್ದನ್ನು ನಾವು ಹೇಳಲಿಲ್ಲ ಅಷ್ಟೇ.

ಇಲಿಗಳ ಕತೆ ಇನ್ನೂ ಸಿಕ್ಕುಸಿಕ್ಕು. ಹುಟ್ಟಿನಿಂದಲೇ ಗ್ಯಾಸ್ಟ್ರಿನ್ ಜಾಸ್ತಿ ಇರುವಂತೆ ತಳಿ ಮಾಡಿದ ಇಲಿಗಳಿಗೆ ವಯಸ್ಸಾದ ಮೇಲೆ ಜಠರದ ಕ್ಯಾನ್ಸರ್ ಬಂತು. ಹೆಲಿಕೋಬ್ಯಾಕ್ಟರ್ ಬ್ಯಾಕ್ಟೀರಿಯಾ ಸೋಂಕನ್ನೂ ತಗುಲಿಸಿದಾಗ ಬಹಳ ಬೇಗ ಬಂತು. ಸರಿ, ಗ್ಯಾಸ್ಟ್ರಿನ್ನೇ ಕಳ್ಳ ಎಂದು ಅದನ್ನು ಪೂರ್ತಿ ತೆಗೆದುಹಾಕಿದ ಇಲಿಗಳನ್ನು ಮಾಡಿದರು. ಅವಕ್ಕೂ ಜಠರದ ಕೆಳತುದಿಯಲ್ಲಿ ಗಡ್ಡೆ ಬಂತು! ಆಸಿಡ್ ಇಲ್ಲದ ಹೊಟ್ಟೆಯಲ್ಲಿ ಬೇರೆ ಬ್ಯಾಕ್ಟೀರಿಯಾಗಳು ಬಂದು ಬೀಡುಬಿಟ್ಟು ಉರಿಯೂತ ಎಬ್ಬಿಸಿದ್ದವು.

ಮನುಷ್ಯರಲ್ಲಿ ಏನಾಗುತ್ತದೆ? ಪರ್ನಿಷಿಯಸ್ ಅನೀಮಿಯಾ ಎಂಬ ಕಾಯಿಲೆಯಲ್ಲಿ ನಮ್ಮ ದೇಹವೇ ಆಸಿಡ್ ಸುರಿಸುವ ಕೋಶಗಳನ್ನು ಕೊಲ್ಲುತ್ತದೆ. ಆಸಿಡ್ ಇಲ್ಲ, ಹಾಗಾಗಿ ಬ್ರೇಕೂ ಇಲ್ಲ. ಗ್ಯಾಸ್ಟ್ರಿನ್ ಮಾಮೂಲಿಗಿಂತ ಎಷ್ಟೋ ಪಟ್ಟು ಏರಿ ವರ್ಷಗಟ್ಟಲೆ ಅಲ್ಲೇ ನಿಲ್ಲುತ್ತದೆ. ಅಂಥವರಲ್ಲಿ ಕೆಲವರಿಗೆ ಇಸಿಎಲ್ ಕೋಶಗಳು ದಟ್ಟವಾಗಿ ಬೆಳೆದು ಕಾರ್ಸಿನಾಯ್ಡ್ ಎಂಬ ಸಣ್ಣಸಣ್ಣ ಗಡ್ಡೆಗಳಾಗುತ್ತವೆ. ಜಿ ಕೋಶಗಳಿರುವ ಕೆಳತುದಿಯನ್ನು ಆಪರೇಷನ್ ಮಾಡಿ ತೆಗೆದರೆ, ಮೇಲ್ಭಾಗದ ಆ ಗಡ್ಡೆಗಳು ಹೆಚ್ಚಿನವರಲ್ಲಿ ಮುಟ್ಟದೆಯೇ ಕರಗುತ್ತವೆ. ನನ್ನ ಮಟ್ಟಿಗೆ ಇದು ಎಲ್ಲ ತಟ್ಟೆಗಳಿಗಿಂತ ದೊಡ್ಡ ಸಾಕ್ಷಿ. ಗ್ಯಾಸ್ಟ್ರಿನ್ ನಿಜಕ್ಕೂ ಗಡ್ಡೆ ಬೆಳೆಸಬಲ್ಲದು. ಆದರೆ ಇದು ಮಾಮೂಲಿ ಜಠರದ ಕ್ಯಾನ್ಸರ್ ಅಲ್ಲ, ಬಹುಪಾಲು ಮೆಲ್ಲಗೆ ಬೆಳೆಯುವ ಬೇರೆ ಜಾತಿಯದು. 1955ರಲ್ಲಿ ಅಮೆರಿಕದ ಝೋಲಿಂಜರ್ ಮತ್ತು ಎಲಿಸನ್ ಗುರುತಿಸಿದ ಇನ್ನೊಂದು ಕಾಯಿಲೆಯಿದೆ. ಅದರಲ್ಲಿ ಗ್ಯಾಸ್ಟ್ರಿನ್ ಸುರಿಸುವ ಗಡ್ಡೆಯೊಂದು ಮೇದೋಜೀರಕ ಗ್ರಂಥಿಯಲ್ಲೋ ಸಣ್ಣಕರುಳಿನ ಆರಂಭದಲ್ಲೋ ಇರುತ್ತದೆ. ರಕ್ತದಲ್ಲಿ ಗ್ಯಾಸ್ಟ್ರಿನ್ ತುಂಬಿ ತುಳುಕುತ್ತಿದ್ದರೂ ಈ ರೋಗಿಗಳಿಗೆ ಮಾಮೂಲಿ ಜಠರದ ಕ್ಯಾನ್ಸರ್ ಸಾಲುಸಾಲಾಗಿ ಬರುವುದಿಲ್ಲ. ಗ್ಯಾಸ್ಟ್ರಿನ್ ವಿರುದ್ಧವೇ ಲಸಿಕೆ ತಯಾರಿಸಿ ಜಠರದ ಕ್ಯಾನ್ಸರ್ ರೋಗಿಗಳ ಮೇಲೆ ಪರೀಕ್ಷೆಯನ್ನೂ ಮಾಡಿದ್ದರು. ಅದು ಬಳಕೆಗೆ ಬರಲಿಲ್ಲ.

ಹಾಗಾಗಿ ಹೋದ ಸಂಚಿಕೆಯ ಸಾಲನ್ನು ದಯವಿಟ್ಟು ಹೀಗೆ ಓದಿಕೊಳ್ಳಿ: "ಬಹಳ ಕಾಲ ವಿಪರೀತ ಏರಿದ ಗ್ಯಾಸ್ಟ್ರಿನ್, ಮೊದಲೇ ಉರಿಯೂತದಿಂದ ಕೆಟ್ಟಿರುವ ಜಠರದಲ್ಲಿ, ಕೆಲವು ಬಗೆಯ ಗಡ್ಡೆಗಳಿಗೆ ಕುಮ್ಮಕ್ಕು ಕೊಡಬಹುದು." ಮೂಲೆಯ ಜಾಗಕ್ಕೆ ಹಿಡಿಸುತ್ತಿರಲಿಲ್ಲ, ನಿಜ.

ಜಠರ ಕೆಡಿಸುವವರಲ್ಲಿ ಮುಖ್ಯಸ್ಥ ಹೆಲಿಕೋಬ್ಯಾಕ್ಟರ್ ಪೈಲೋರಿ. ಪರ್ತ್ ನಗರದ ಬ್ಯಾರಿ ಮಾರ್ಷಲ್ 1984ರಲ್ಲಿ ಅದನ್ನು ತಾವೇ ಕುಡಿದು ಹೊಟ್ಟೆ ಕೆಡಿಸಿಕೊಂಡು ತೋರಿಸಿದರು. 2005ರಲ್ಲಿ ರಾಬಿನ್ ವಾರನ್ ಜೊತೆ ನೊಬೆಲ್ ಪಡೆದರು. 1994ರಲ್ಲೇ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಇದನ್ನು ಮೊದಲ ದರ್ಜೆಯ ಕ್ಯಾನ್ಸರ್‌ಕಾರಕಗಳ ಪಟ್ಟಿಗೆ ಸೇರಿಸಿದೆ. ಈ ಬ್ಯಾಕ್ಟೀರಿಯಾ ಡಿ ಕೋಶಗಳ ಬ್ರೇಕನ್ನೂ ಸಡಿಲ ಮಾಡುತ್ತದೆ, ಗ್ಯಾಸ್ಟ್ರಿನ್ ಏರುತ್ತದೆ. ಅದನ್ನು ನಿರ್ಮೂಲ ಮಾಡಿದರೆ ಗ್ಯಾಸ್ಟ್ರಿನ್ ಇಳಿಯುತ್ತದೆ.

ಇನ್ನು ನಿಮ್ಮ ಯಜಮಾನರ ಮಾತ್ರೆ. ಪ್ಯಾಂಟೊಪ್ರಜೋಲ್, ಒಮೆಪ್ರಜೋಲ್ ಜಾತಿಯದು ಅಂದುಕೊಂಡು ಹೇಳುತ್ತೇನೆ. ಮಗ ಹೇಳಿದ್ದು ಸರಿ. ಇವು ಆಸಿಡ್ ಪಂಪನ್ನು ನಿಲ್ಲಿಸುವುದರಿಂದ ಗ್ಯಾಸ್ಟ್ರಿನ್ ಸಾಮಾನ್ಯವಾಗಿ ಎರಡರಿಂದ ನಾಲ್ಕು ಪಟ್ಟು ಏರುತ್ತದೆ. 2018ರಲ್ಲಿ ಹಾಂಗ್‌ಕಾಂಗಿನಿಂದ ಒಂದು ಅಧ್ಯಯನ ಬಂತು. ಪೈಲೋರಿಗೆ ಚಿಕಿತ್ಸೆ ಪಡೆದ 63 ಸಾವಿರಕ್ಕೂ ಹೆಚ್ಚು ಜನರ ದಾಖಲೆ ನೋಡಿದಾಗ, ಈ ಮಾತ್ರೆ ತೆಗೆದುಕೊಳ್ಳುತ್ತಿದ್ದವರಲ್ಲಿ ಜಠರದ ಕ್ಯಾನ್ಸರ್ ಸುಮಾರು 2.4 ಪಟ್ಟು ಕಂಡಿತು. ಕೇಳಿದರೆ ಎದೆ ಝಲ್ ಅನ್ನುತ್ತದೆ, ಅಲ್ವಾ? ತಲೆಲೆಕ್ಕದಲ್ಲಿ ನೋಡಿದರೆ ವರ್ಷಕ್ಕೆ 10,000 ಜನರಲ್ಲಿ ಸುಮಾರು ನಾಲ್ಕು ಮಂದಿ ಹೆಚ್ಚು. ಅದರಲ್ಲೂ ಹೊಟ್ಟೆ ಮೊದಲೇ ಕೆಟ್ಟವರೇ ಈ ಮಾತ್ರೆ ಜಾಸ್ತಿ ನುಂಗುವುದು. ಮಾತ್ರೆಯಿಂದ ಕ್ಯಾನ್ಸರೋ, ಕ್ಯಾನ್ಸರಿನತ್ತ ಹೊರಟ ಹೊಟ್ಟೆಯಿಂದಾಗಿ ಮಾತ್ರೆಯೋ ಎಂದು ಇಂಥ ಅಧ್ಯಯನ ಬಿಡಿಸಿ ಹೇಳಲಾರದು.

ರಾತ್ರಿಯ ಎದೆಯುರಿಗೂ ಗ್ಯಾಸ್ಟ್ರಿನ್ನೇ ಕಾರಣ ಇರಬಹುದು. ವರ್ಷಗಟ್ಟಲೆ ಏರಿದ ಗ್ಯಾಸ್ಟ್ರಿನ್ ಇಸಿಎಲ್ ಕೋಶಗಳನ್ನು ಕೊಬ್ಬಿಸಿರುತ್ತದೆ. ಮಾತ್ರೆ ತಟ್ಟನೆ ಬಿಟ್ಟರೆ ಅಣೆಕಟ್ಟಿನ ಗೇಟು ತೆಗೆದ ಹಾಗೆ ಆಸಿಡ್ ನುಗ್ಗುತ್ತದೆ. ಕೆಲವು ವಾರ ಹೀಗಿದ್ದು ತಗ್ಗುವುದುಂಟು. ಅದನ್ನೇ ಹಳೇ ಕಾಯಿಲೆ ಮರುಕಳಿಸಿತು ಅಂದುಕೊಂಡು ಜನ ಮತ್ತೆ ಮಾತ್ರೆಗೆ ಕೈಹಾಕುತ್ತಾರೆ. ಹಾಗಾಗಿ ಸುಮ್ನೆ ಬಿಡುವುದೂ ಬೇಡ, ಸುಮ್ನೆ ಮುಂದುವರಿಸುವುದೂ ಬೇಡ. ಮಂಡಿನೋವಿನ ಕಾಲದ ಆ ಹಳೇ ಚೀಟಿ ಇದ್ದರೆ ಹಿಡಿದುಕೊಂಡು ಡಾಕ್ಟರ ಹತ್ತಿರ ಹೋಗಿ. ಇದು ಇನ್ನೂ ಬೇಕಾ, ಡೋಸ್ ಇಳಿಸುತ್ತಾ ಬಿಡಿಸಬಹುದಾ ಎಂದು ಕೇಳಿ. ಪೈಲೋರಿ ಪರೀಕ್ಷೆ ಮಾಡಿಸಬೇಕಾ ಎಂದೂ ಕೇಳಿ. ಊದಿ ನೋಡುವ ಪರೀಕ್ಷೆಯಿದೆ, ಮಲದ ಪರೀಕ್ಷೆಯಿದೆ. ಎರಡಕ್ಕೂ ಮೊದಲು ಎರಡು ವಾರ ಈ ಮಾತ್ರೆ ನಿಲ್ಲಿಸಿರಬೇಕು, ಇಲ್ಲದಿದ್ದರೆ ಸೋಂಕು ಇದ್ದರೂ ಇಲ್ಲ ಅಂತ ಬಂದುಬಿಡಬಹುದು. ಯಜಮಾನರು ಎಷ್ಟು ದಿನದಿಂದ ಬಿಟ್ಟಿದ್ದಾರೆ ಎಂದು ಡಾಕ್ಟರಿಗೆ ತಪ್ಪದೆ ಹೇಳಿ. ಮಲ ಕಪ್ಪಗಾಗುವುದು, ತೂಕ ಇಳಿಯುವುದು, ನುಂಗಲು ಕಷ್ಟ, ನಾಲ್ಕು ತುತ್ತಿಗೇ ಹೊಟ್ಟೆ ತುಂಬಿದ ಹಾಗೆ ಆಗುವುದು, ಇವುಗಳಲ್ಲಿ ಯಾವುದಾದರೂ ಇದ್ದರೆ ಎಂಡೋಸ್ಕೋಪಿಗೆ ತಡ ಮಾಡಬೇಡಿ.

ಹುರುಳಿಕಾಳಿನ ಸಾರಿಗೆ ಮಾತ್ರ ನಮ್ಮ ಕಡೆಯಿಂದ ಯಾವ ಅಡ್ಡಿಯೂ ಇಲ್ಲ.

— ಸಂ.