ಡಾರ್ವಿನ್‌ನ ಮುಂದಿನ ಸಾಲು ಎಲ್ಲಿ ಹೋಯಿತು?

ಬೆಟಗೇರಿಯ ಸಹೋದರಿಗೆ ವಂದನೆಗಳು.

‘ಸೃಷ್ಟಿಯೋ ವಿಕಾಸವೋ: ಪರಿಸರ ಏನು ಹೇಳುತ್ತದೆ?’ ಎಂಬ ನಿಮ್ಮ ಲೇಖನ ತಲುಪಿದೆ. ಕೈಬರಹ ಮುದ್ದಾಗಿದೆ, ವಾಕ್ಯಗಳು ಚಿಕ್ಕವಾಗಿವೆ. ಸಂಡೇ ಸ್ಕೂಲಿನ ಮಕ್ಕಳಿಗೆ ಪಾಠ ಹೇಳಿ ರೂಢಿಯಿದ್ದವರು ಬರೆದದ್ದೆಂದು ಮೊದಲ ಪುಟದಲ್ಲೇ ಗೊತ್ತಾಗುತ್ತದೆ. ಆಹಾರ ಸರಪಳಿ, ಪರಿಸರ ವ್ಯವಸ್ಥೆ, ವಿಘಟಕಗಳು ಎಂಬುದನ್ನೆಲ್ಲ ಪಠ್ಯಪುಸ್ತಕದ ಬಿಗುವಿಲ್ಲದೆ ವಿವರಿಸಿದ್ದೀರಿ. ಆದರೂ ಲೇಖನವನ್ನು ಈಗಿರುವ ಹಾಗೆ ಪ್ರಕಟಿಸಲಾರೆ. ಮೂರನೇ ಪುಟ ಓದಿದ ಸಂಜೆ ನನಗೆ ಬಂದ ಸಿಟ್ಟು ಮರುದಿನವೂ ಪೂರ್ತಿ ಇಳಿದಿರಲಿಲ್ಲ.

ಆದಿಕಾಂಡದ ಮೊದಲ ವಚನವನ್ನು ನಂಬಿ ಬದುಕುವವನು ನಾನೂ ಹೌದು. ನೀವು ಸೃಷ್ಟಿಕರ್ತನ ಪರವಾಗಿ ಬರೆದದ್ದಕ್ಕೆ ನನಗೆ ಬೇಸರವಿಲ್ಲ, ಆತನ ಪರವಾಗಿ ಎಂಥ ಸಾಕ್ಷಿಗಳನ್ನು ಕರೆತಂದಿರಿ ಎಂಬುದಕ್ಕೆ ಬೇಸರ. ಆರು ದಿನಗಳು, ಜಲಪ್ರಳಯ, ಭೂಮಿಯ ವಯಸ್ಸು, ಇವುಗಳ ಬಗ್ಗೆ ನಮ್ಮಿಬ್ಬರಿಗೆ ಭಿನ್ನಾಭಿಪ್ರಾಯವಿದೆ. ಅದು ಬೇರೆ ಪತ್ರದ ಮಾತು. ಇಲ್ಲಿ ಮೂರನೇ ಪುಟದ ಒಂದು ಪ್ಯಾರಾ ಹಿಡಿದುಕೊಳ್ಳುತ್ತೇನೆ, ಆಮೇಲೆ ಸಿಂಹದ ಮಾತಿಗೆ ಬರುತ್ತೇನೆ.

ಪ್ಯಾರಾದ ಮೊದಲ ಸಾಲು: ‘ಕಣ್ಣಿನಂಥ ಅಂಗ ನೈಸರ್ಗಿಕ ಆಯ್ಕೆಯಿಂದ ಉಂಟಾಯಿತೆನ್ನುವುದು ಅತ್ಯಂತ ಅಸಂಬದ್ಧ ಎಂದು ಡಾರ್ವಿನ್‌ನೇ ಒಪ್ಪಿಕೊಂಡಿದ್ದಾನೆ.’ 1859ರ ಅವನ ‘ಆರಿಜಿನ್ ಆಫ್ ಸ್ಪೀಷೀಸ್’ ಗ್ರಂಥದ ಆರನೇ ಅಧ್ಯಾಯದಲ್ಲಿ ಆ ಅರ್ಥದ ಮಾತು ಇದೆ, ಸುಳ್ಳಲ್ಲ. (ಬದುಕಲು ನೆರವಾಗುವ ಸಣ್ಣ ಬದಲಾವಣೆಯುಳ್ಳ ಜೀವಿಗಳು ಉಳಿದು ಸಂತಾನ ಬೆಳೆಸುವುದನ್ನು ಅವನು ನೈಸರ್ಗಿಕ ಆಯ್ಕೆ ಎಂದ.) ಹಾಗೆ ಅನಿಸುತ್ತದೆಂದು ಅವನು ಮೊದಲು ಒಪ್ಪುತ್ತಾನೆ. ಆದರೆ ಅದರ ಬೆನ್ನಿಗೇ ಇರುವ ಸಾಲನ್ನು ನೀವು ಬಿಟ್ಟಿದ್ದೀರಿ. ಸರಳ ಕಣ್ಣಿನಿಂದ ಸಂಕೀರ್ಣ ಕಣ್ಣಿನವರೆಗೆ ಮೆಟ್ಟಿಲುಗಳಿದ್ದು, ಒಂದೊಂದು ಮೆಟ್ಟಿಲೂ ಆಯಾ ಜೀವಿಗೆ ಉಪಯೋಗಕ್ಕೆ ಬಂದಿದ್ದರೆ, ಕಷ್ಟ ನಮ್ಮ ಕಲ್ಪನೆಗೇ ಹೊರತು ನಿಜದಲ್ಲಿ ಕಷ್ಟವಿಲ್ಲ ಎಂದು ಅವನು ಮುಂದುವರಿಸುತ್ತಾನೆ. ಬರೀ ಬಣ್ಣದ ಲೇಪವಿರುವ ದೃಷ್ಟಿನರದಿಂದ ಶುರುಮಾಡಿ ಕೀಟ, ಏಡಿಗಳಂಥ ಜೀವಿಗಳ ದೊಡ್ಡ ಗುಂಪಿನಲ್ಲಿ ಅಂಥ ಮೆಟ್ಟಿಲುಗಳನ್ನು ತೋರಿಸುತ್ತಾನೆ. ಅವನ ವಾದ ತಪ್ಪೆಂದು ನಿಮಗೆ ಅನಿಸಿದರೆ ಅದಕ್ಕೆ ಉತ್ತರ ಕೊಡಿ. ಉತ್ತರ ಕೊಡುವ ಬದಲು ಅವನ ಬಾಯಿಂದಲೇ ಅವನು ಹೇಳದ್ದನ್ನು ಹೇಳಿಸಿದ್ದೀರಿ.

ಎರಡನೇ ಸಾಲು: ‘ಮರಣಶಯ್ಯೆಯಲ್ಲಿ ಡಾರ್ವಿನ್ ಪಶ್ಚಾತ್ತಾಪಪಟ್ಟು, ವಿಕಾಸವಾದವನ್ನು ತೊರೆದು, ಕ್ರಿಸ್ತನನ್ನು ಅಂಗೀಕರಿಸಿದ.’ ಈ ಕಥೆಯನ್ನು ನಮ್ಮ ಭಾಗದ ಕೂಟಗಳಲ್ಲಿ ಚಿಕ್ಕಂದಿನಿಂದ ಕೇಳುತ್ತ ಬಂದಿದ್ದೇನೆ. ಡಾರ್ವಿನ್ ತೀರಿಕೊಂಡದ್ದು 1882ರ ಏಪ್ರಿಲ್ 19ರಂದು. ಕಥೆ ಅಚ್ಚಾದದ್ದು 1915ರಲ್ಲಿ, ಅಮೆರಿಕದ ಒಂದು ಬ್ಯಾಪ್ಟಿಸ್ಟ್ ಪತ್ರಿಕೆಯಲ್ಲಿ, ಲೇಡಿ ಹೋಪ್ ಎಂಬ ಸುವಾರ್ತಾ ಕಾರ್ಯಕರ್ತೆಯ ಹೆಸರಿನಲ್ಲಿ. ಡಾರ್ವಿನ್‌ನ ಮಗಳು ಹೆನ್ರಿಯೆಟ್ಟಾ 1922ರಲ್ಲಿ ಇನ್ನೊಂದು ಕ್ರೈಸ್ತ ಪತ್ರಿಕೆಗೆ ಬರೆದು ಸ್ಪಷ್ಟಪಡಿಸಿದಳು: ತಂದೆಯ ಕೊನೆಗಳಿಗೆಯಲ್ಲಿ ತಾನು ಪಕ್ಕದಲ್ಲಿದ್ದೆ, ಆ ಕಾಯಿಲೆಯಲ್ಲಿ ಲೇಡಿ ಹೋಪ್ ಅಲ್ಲಿರಲಿಲ್ಲ, ತಂದೆ ತಮ್ಮ ವೈಜ್ಞಾನಿಕ ಅಭಿಪ್ರಾಯಗಳನ್ನು ಆಗಲೀ ಅದಕ್ಕೆ ಮುಂಚೆಯಾಗಲೀ ಹಿಂತೆಗೆದುಕೊಳ್ಳಲಿಲ್ಲ. ಅಮೆರಿಕದ ಸೃಷ್ಟಿವಾದಿಗಳೇ ಇವತ್ತು ಈ ಕಥೆಯನ್ನು ಬಳಸಬೇಡಿರೆಂದು ತಮ್ಮವರಿಗೆ ಹೇಳುತ್ತಾರೆ. ಇನ್ನು ಅವನು ನಿಜವಾಗಿಯೂ ಪಶ್ಚಾತ್ತಾಪಪಟ್ಟಿದ್ದನೆಂದೇ ಇಟ್ಟುಕೊಳ್ಳಿ, ಅದರಿಂದ ಪಳೆಯುಳಿಕೆಗಳ ಸಾಕ್ಷ್ಯ ಒಂದು ಕೂದಲೆಳೆಯಷ್ಟಾದರೂ ಬದಲಾಗುತ್ತಿತ್ತೇ? ಸತ್ತವನ ಹಾಸಿಗೆಯ ಪಕ್ಕ ನಾವು ಕಟ್ಟಿದ ಮಾತು ವಿಮೋಚನಕಾಂಡ 20ರ 16ನೇ ವಚನದ ಕೆಳಗೆ ಬರುತ್ತದೆ. ಸುಳ್ಳುಸಾಕ್ಷಿ ಹೇಳಬಾರದೆಂಬ ಆಜ್ಞೆಯಲ್ಲಿ ‘ನಾಸ್ತಿಕರ ವಿಷಯದಲ್ಲಿ ಹೊರತುಪಡಿಸಿ’ ಎಂದು ಬರೆದಿಲ್ಲ.

ಮೂರನೇ ಸಾಲು: ‘ಮಂಗನಿಂದ ಮನುಷ್ಯ ಬಂದಿದ್ದರೆ ಇನ್ನೂ ಮಂಗಗಳೇಕೆ ಇವೆ?’ ಇಂದಿನ ಮಂಗ ಮನುಷ್ಯನ ಅಜ್ಜ ಎಂದು ಯಾವ ಜೀವವಿಜ್ಞಾನಿಯೂ ಹೇಳುವುದಿಲ್ಲ. ಇಬ್ಬರಿಗೂ ಹಿಂದೊಮ್ಮೆ ಸಮಾನ ಪೂರ್ವಜರಿದ್ದರು ಎನ್ನುತ್ತಾರೆ. ನಿಮ್ಮ ಚಿಕ್ಕಪ್ಪನ ಮಗ ಬದುಕಿದ್ದಾನೆಂಬ ಕಾರಣಕ್ಕೆ ನಿಮಗೂ ಅವನಿಗೂ ಒಬ್ಬನೇ ಅಜ್ಜನಿರಲಿಲ್ಲ ಎಂದಾಗುತ್ತದೆಯೇ? ಪಳೆಯುಳಿಕೆ, ಅಂಗರಚನೆ, ಡಿಎನ್‌ಎ, ಮೂರು ದಿಕ್ಕಿನಿಂದ ಬಂದ ಸಾಕ್ಷ್ಯ ಒಂದೇ ಕಡೆ ಕೂಡುವುದರಿಂದ ಅವರು ಹಾಗೆ ಹೇಳುತ್ತಾರೆ. ನೀವು ಎದುರಿಸಬೇಕಾದದ್ದು ಆ ಮಾತನ್ನು.

ನಾಲ್ಕನೇ ಸಾಲು: ‘ವಿಕಾಸವನ್ನು ಒಪ್ಪಿದವರೆಲ್ಲ ದೇವರನ್ನು ಬಿಟ್ಟವರು.’ ಡಾರ್ವಿನ್‌ನ ಆಪ್ತ ಪತ್ರಮಿತ್ರ, ಹಾರ್ವರ್ಡ್‌ನ ಸಸ್ಯಶಾಸ್ತ್ರಜ್ಞ ಆಸಾ ಗ್ರೇ ಪ್ರೆಸ್ಬಿಟೇರಿಯನ್ ವಿಶ್ವಾಸಿ. ನೈಸರ್ಗಿಕ ಆಯ್ಕೆಗೂ ದೇವರ ಮೇಲಣ ನಂಬಿಕೆಗೂ ವಿರೋಧವಿಲ್ಲವೆಂದು ಅವನು ಬರೆದ. ಒಪ್ಪುವುದು ಬಿಡುವುದು ನಿಮಗೆ ಬಿಟ್ಟದ್ದು, ಆದರೆ ‘ಎಲ್ಲ’ ಎಂಬುದನ್ನು ಹೊಡೆದುಹಾಕಿ.

ಒಂದು ಪ್ಯಾರಾಕ್ಕೆ ಇಷ್ಟೇಕೆ ಎಳೆಯುತ್ತಿದ್ದೇನೆಂದರೆ, ನಾನು ಪತ್ರಿಕೆಯ ಕೆಲಸ ಕಲಿತದ್ದು ಧಾರವಾಡದ ಒಂದು ಸಣ್ಣ ಅಚ್ಚುಕೂಟದಲ್ಲಿ, ಮೊಳೆ ಜೋಡಿಸುವ ಕಾಲದಲ್ಲಿ. ಅಲ್ಲಿದ್ದ ಹಿರಿಯ ಸಂಪಾದಕರು ದಿನಾ ಬೆಳಗ್ಗೆ ಮೊಣಕಾಲೂರಿ ಪ್ರಾರ್ಥಿಸಿಯೇ ಕರಡು ಕೈಗೆತ್ತಿಕೊಳ್ಳುತ್ತಿದ್ದರು. ಲೇಖನದಲ್ಲಿ ಬೇರೆಯವರ ಮಾತು ಉದ್ಧರಿಸಿದ್ದು ಕಂಡರೆ ಪೆನ್ಸಿಲ್ ಅಲ್ಲೇ ನಿಲ್ಲುತ್ತಿತ್ತು. ‘ಇದರ ಮುಂದಿನ ಸಾಲಿನ್ಯಾಗ ಏನೈತಿ? ಓದೀಯೇನು?’ ಓದಿಲ್ಲವೆಂದರೆ ಲೈಬ್ರರಿಗೆ ಅಟ್ಟುತ್ತಿದ್ದರು. ಮೂಲ ಪುಸ್ತಕ ತೆಗೆದು ಹಿಂದಿನ ಪುಟ, ಮುಂದಿನ ಪುಟ ಎರಡನ್ನೂ ಓದಿ ಬಂದು ಅವರಿಗೆ ಒಪ್ಪಿಸಬೇಕು. ವಿರೋಧಿಯ ವಾದವನ್ನು ವಿರೋಧಿ ಕೇಳಿದರೆ ‘ಹೌದು, ನಾ ಅಂದದ್ದು ಇದನ್ನೇ’ ಎನ್ನುವಂತೆ ಹೇಳಬೇಕು, ಆಮೇಲೆ ಖಂಡಿಸು ಎನ್ನುತ್ತಿದ್ದರು.

ಅವರು ಪದೇ ಪದೇ ಎತ್ತುತ್ತಿದ್ದ ಹೆಸರು ಕಿಟೆಲ್. ಬಾಸೆಲ್ ಮಿಷನ್ನಿನಿಂದ ಸುವಾರ್ತೆ ಸಾರಲು ಬಂದ ಮನುಷ್ಯ ಜೈನ ಪಂಡಿತ ಕೇಶಿರಾಜನ ವ್ಯಾಕರಣವನ್ನು 1872ರಲ್ಲಿ ಸಂಪಾದಿಸಿ ಅಚ್ಚು ಹಾಕಿಸಿದ. ಅದಾದ ಮೂರು ವರ್ಷಕ್ಕೆ ನಾಗವರ್ಮನ ಛಂದಸ್ಸು ಬಂತು, 1894ರಲ್ಲಿ ನಿಘಂಟು. ಇನ್ನೊಂದು ಮತದವನ ಗ್ರಂಥವನ್ನು ತನ್ನ ಬೋಧನೆಗೆ ತಕ್ಕಂತೆ ಕತ್ತರಿಸಬೇಕೆಂದು ಅವನಿಗೆ ಅನಿಸಲಿಲ್ಲ. ಧಾರವಾಡದಲ್ಲಿ ಅವನ ಹೆಸರಿನ ಕಾಲೇಜು ನಿಂತಿದೆ. ಆ ಮನೆತನದವರು ನಾವು. ನಮ್ಮ ಪತ್ರಿಕೆಯಲ್ಲಿ ಅರ್ಧ ಸಾಲು ಉದ್ಧರಿಸುವ ಚಾಳಿ ಬೇಡ.

ಇನ್ನು ಸಿಂಹ.

ಎರಡನೇ ಪುಟದಲ್ಲಿ ಬರೆದಿದ್ದೀರಿ: ‘ಹುಲ್ಲನ್ನು ಜಿಂಕೆ, ಜಿಂಕೆಯನ್ನು ಸಿಂಹ ತಿನ್ನುವಂತೆ ದೇವರು ಆಹಾರ ಸರಪಳಿಯನ್ನು ಜೋಡಿಸಿದ್ದಾನೆ. ಸೃಷ್ಟಿಯ ದಿನದಿಂದ ಈ ಸಮತೋಲನ ಕದಲಿಲ್ಲ.’ ಐದನೇ ಪುಟದಲ್ಲಿ: ‘ಪ್ರಾಣಿ ಪ್ರಾಣಿಯನ್ನು ಕೊಲ್ಲುವುದು ದೇವರ ಯೋಜನೆಯಲ್ಲ, ಆದಾಮನ ಪಾಪದ ಫಲ.’ ಎರಡೂ ಒಂದೇ ಲೇಖನದಲ್ಲಿ ಹೇಗೆ ನಿಲ್ಲುತ್ತವೆ? ಸಿಂಹದ ಬೇಟೆ ದೇವರ ಜಾಣ್ಮೆಗೆ ಸಾಕ್ಷಿಯಾದರೆ ಅದು ಶಾಪವಲ್ಲ. ಶಾಪವಾದರೆ ಅದನ್ನು ಸುಂದರ ವಿನ್ಯಾಸವೆಂದು ಮಕ್ಕಳಿಗೆ ತೋರಿಸುವಂತಿಲ್ಲ. ನೀವು ಆದಿಕಾಂಡ 1:30 ಹಿಡಿದಿದ್ದೀರಿ, ಅಲ್ಲಿ ಮೃಗಗಳಿಗೂ ಹಸಿರು ಸೊಪ್ಪೇ ಆಹಾರ. ಸರಿ. ಆದರೆ 104ನೇ ಕೀರ್ತನೆಯನ್ನು ಪೂರ್ತಿ ಬಿಟ್ಟಿದ್ದೀರಿ. ಬೇಟೆಗಾಗಿ ಗರ್ಜಿಸುವ ಪ್ರಾಯದ ಸಿಂಹಗಳು ದೇವರಿಂದಲೇ ತಮ್ಮ ಆಹಾರ ಕೇಳುತ್ತವೆ ಎಂದು 21ನೇ ವಚನ ಹಾಡುತ್ತದೆ. ಯೋಬನ 38ನೇ ಅಧ್ಯಾಯದ ಕೊನೆಯಲ್ಲಿ ಸಿಂಹಕ್ಕೆ ಬೇಟೆ ಒದಗಿಸುವವನು, ಕೂಗುವ ಕಾಗೆಮರಿಗಳಿಗೆ ತುತ್ತು ಕೊಡುವವನು ದೇವರೇ. ಇವುಗಳನ್ನು ಆದಿಕಾಂಡದ ಜೊತೆಗಿಟ್ಟು ಹೇಗೆ ಓದಬೇಕೆಂದು ವಿಶ್ವಾಸಿಗಳು ಬಹಳ ಹಿಂದಿನಿಂದ ಚರ್ಚಿಸಿದ್ದಾರೆ. ನೀವು ಯಾವ ಕಡೆ ನಿಂತರೂ ನನ್ನ ತಕರಾರಿಲ್ಲ. ಕಷ್ಟದ ವಚನ ಕಾಣದ ಹಾಗೆ ದಾಟುವುದಕ್ಕೆ ತಕರಾರಿದೆ.

‘ಸಮತೋಲನ ಕದಲಿಲ್ಲ’ ಎಂಬುದಂತೂ ನಮ್ಮ ನೆಲವನ್ನು ನೋಡಿ ಬರೆದದ್ದಲ್ಲ. ರಾಣೆಬೆನ್ನೂರಿನ ಹುಲ್ಲುಗಾವಲಿಗೆ ಹೋಗಿ. 1974ರಿಂದ ಅದು ಕೃಷ್ಣಮೃಗಗಳ ಅಭಯಾರಣ್ಯ, ಚಿಗರಿ ಈಗಲೂ ಹಿಂಡು ಹಿಂಡಾಗಿ ಓಡಾಡುತ್ತವೆ. ಆದರೆ ಹುಲ್ಲಿದ್ದ ಕಡೆ ನೀಲಗಿರಿ ನೆಟ್ಟರು. ಬಯಲನ್ನೇ ನಂಬಿದ್ದ ಎರೆಭೂತ ಹಕ್ಕಿ ಇವತ್ತು ಅಲ್ಲಿಲ್ಲ. ಆಹಾರ ಸರಪಳಿಯ ಒಂದು ಮೆಟ್ಟಿಲಿನ ಶಕ್ತಿಯಲ್ಲಿ ಮೇಲಿನ ಮೆಟ್ಟಿಲಿಗೆ ಸೇರುವುದು ಸುಮಾರು ಶೇಕಡಾ 10 ಮಾತ್ರ. ಅದಕ್ಕೇ ಹುಲ್ಲು ಎಷ್ಟೋ ಎಕರೆ, ಚಿಗರಿ ಅದಕ್ಕಿಂತ ಕಡಿಮೆ, ತೋಳ ಬೆರಳೆಣಿಕೆಯಷ್ಟು. ಕೆಳಗೆ ಹುಲ್ಲು ಕಡಿಮೆಯಾದರೆ ಮೇಲಿನವರು ಮೊದಲು ಹೋಗುತ್ತಾರೆ. ಇದನ್ನು ಹೇಳಿದ್ದರೆ ಆದಿಕಾಂಡ 2:15ರಲ್ಲಿ ತೋಟವನ್ನು ಕಾಯಲು ಮನುಷ್ಯನಿಗೆ ಒಪ್ಪಿಸಿದ್ದರ ಭಾರ ಓದುಗರಿಗೆ ತಟ್ಟುತ್ತಿತ್ತು. ಎಂದೂ ಕದಲದ ಸೃಷ್ಟಿಗೆ ಕಾವಲುಗಾರ ಯಾಕೆ ಬೇಕು?

ನಿಮ್ಮ ಉದಾಹರಣೆಗಳೆಲ್ಲ ಆಫ್ರಿಕದವು, ಧ್ರುವಪ್ರದೇಶದವು. ಆದರೆ ಗದಗ ಜಿಲ್ಲೆಯಲ್ಲೇ, ನಿಮ್ಮ ಮನೆಯಿಂದ ಒಂದು ಬಸ್ಸಿನ ದಾರಿಯಲ್ಲಿ ಮಾಗಡಿ ಕೆರೆ ಇದೆ, 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ ರಾಮ್ಸರ್ ಪಟ್ಟಿಗೆ ಸೇರಿದ್ದು. ಚಳಿಗಾಲಕ್ಕೆ ಪಟ್ಟೆತಲೆ ಹೆಬ್ಬಾತುಗಳು ಹಿಮಾಲಯ ದಾಟಿ ಅಲ್ಲಿಗೆ ಬರುತ್ತವೆ. ಸುತ್ತಲಿನ ಹೊಲಗಳಲ್ಲಿ ಮೇಯುತ್ತವೆ, ಅವುಗಳ ಹಿಕ್ಕೆಯೊಂದಿಗೆ ಹೊಲದ ಸಾರ ಕೆರೆಗೆ ಬೀಳುತ್ತದೆ. ಒಂದೇ ಹಕ್ಕಿ ಕೆರೆಯನ್ನೂ ಹೊಲವನ್ನೂ ಜೋಡಿಸುತ್ತದೆ. ಪರಿಸರ ವ್ಯವಸ್ಥೆಯ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ಇನ್ನೂ ಒಂದು ಸಂಗತಿ. ಈ ಹೆಬ್ಬಾತಿನ ರಕ್ತದಲ್ಲಿ ಆಮ್ಲಜನಕ ಹೊರುವ ಪ್ರೋಟೀನ್, ಅಂದರೆ ಹಿಮೋಗ್ಲೋಬಿನ್, ತೆಳುಗಾಳಿಯಲ್ಲೂ ಆಮ್ಲಜನಕವನ್ನು ಬಿಗಿಯಾಗಿ ಹಿಡಿಯುತ್ತದೆ. ಹತ್ತಿರದ ಬಂಧುವಾದ ಬೂದು ಹೆಬ್ಬಾತಿನ ಹಿಮೋಗ್ಲೋಬಿನ್‌ಗೂ ಇದಕ್ಕೂ ಕೆಲವೇ ಅಮೈನೋ ಆಮ್ಲಗಳ (ಪ್ರೋಟೀನ್ ಕಟ್ಟುವ ಬಿಡಿಭಾಗಗಳ) ವ್ಯತ್ಯಾಸ. ಹುಟ್ಟಿನಲ್ಲಿ ಬಂದ ಸಣ್ಣ ಬದಲಾವಣೆ ಎತ್ತರದಲ್ಲಿ ಹಾರಬಲ್ಲವನ್ನು ಉಳಿಸಿತು ಎನ್ನುತ್ತದೆ ವಿಕಾಸ ವಿಜ್ಞಾನ. ಒಂದು ಜಾತಿಯೊಳಗೆ ಇಂಥ ಸಣ್ಣ ಬದಲಾವಣೆ ಆಗುತ್ತದೆಂದು ಇಂದಿನ ಸೃಷ್ಟಿವಾದಿಗಳೂ ಒಪ್ಪುತ್ತಾರೆ. ಅವರ ತಕರಾರು ಇರುವುದು ಅದು ಎಲ್ಲಿಯವರೆಗೆ ಹೋಗಬಲ್ಲದು ಎಂಬಲ್ಲಿ. ನಿಜವಾದ ಜಗಳದ ಜಾಗ ಅದು. ನೀವು ಅಲ್ಲಿಗೆ ಹೋಗಲೇ ಇಲ್ಲ, ಮಂಗನ ಹತ್ತಿರವೇ ನಿಂತಿರಿ.

ಹಸ್ತಪ್ರತಿಯನ್ನು ಇದರೊಂದಿಗೆ ಮರಳಿ ಕಳಿಸಿದ್ದೇನೆ. ಮೂರನೇ ಪುಟವನ್ನು ಪೂರ್ತಿ ತೆಗೆದುಹಾಕಿ. ಮರಣಶಯ್ಯೆಯ ಕಥೆ ಯಾವ ರೂಪದಲ್ಲೂ ಬೇಡ. ಕಣ್ಣಿನ ವಾದ ಬೇಕೇಬೇಕೆಂದರೆ ಆರನೇ ಅಧ್ಯಾಯದ ಆ ಭಾಗವನ್ನು ಪೂರ್ತಿ ಓದಿ ಡಾರ್ವಿನ್‌ನ ವಾದವನ್ನು ಒಂದು ಪ್ಯಾರಾದಲ್ಲಿ ನ್ಯಾಯವಾಗಿ ಬರೆಯಿರಿ, ನಿಮ್ಮ ಉತ್ತರ ಅದರ ಕೆಳಗೆ ಬರಲಿ. ಸಿಂಹದ ಬದಲು ಹೆಬ್ಬಾತಿನಿಂದ ಶುರುವಾಗಲಿ. ಮಾಗಡಿಗೆ ಬೆಳಗ್ಗೆ ಬೇಗ ಹೋಗಿ, ಕೆರೆಯ ಸುತ್ತ ಹೊಲವಿರುವ ರೈತರನ್ನು ಮಾತಾಡಿಸಿ, ಅವರು ಹೇಳಿದ್ದನ್ನು ಅವರ ಮಾತಿನಲ್ಲೇ ಬರೆದುಕೊಳ್ಳಿ. ಐದನೇ ಪುಟದಲ್ಲಿ 104ನೇ ಕೀರ್ತನೆಗೆ ನೀವು ಏನು ಹೇಳುತ್ತೀರಿ ಎಂಬುದು ಇರಲೇಬೇಕು. ಆರು ಪುಟ ಮೀರದಿರಲಿ. ಹಕ್ಕಿಗಳು ಮರಳುವ ಮುಂಚೆ ಲೇಖನ ಕೈಗೆ ಬಂದರೆ ಈಸ್ಟರ್ ಸಂಚಿಕೆಯಲ್ಲಿ ಜಾಗ ಇಟ್ಟಿರುತ್ತೇನೆ.