ಶೆಡ್‌ನಲ್ಲಿ ಫೋರ್ ವೀಲ್ ಡ್ರೈವ್ ರೇಸ್ ಕಾರು: ಎಂಜಿನ್ ಆಮೇಲೆ, ಮೊದಲು ಗೇರ್‌ಬಾಕ್ಸ್

ಸ್ವಂತ ರೇಸ್ ಕಾರು ಕಟ್ಟುತ್ತೇವೆ ಎಂದು ಈ ಅಂಕಣಕ್ಕೆ ಬರೆಯುವವರಲ್ಲಿ ಮಲೆನಾಡಿನವರೇ ಜಾಸ್ತಿ. ಆಶ್ಚರ್ಯವೇನಿಲ್ಲ. ಏಷ್ಯಾ ಪೆಸಿಫಿಕ್ ರ‍್ಯಾಲಿ ಚಿಕ್ಕಮಗಳೂರಿನ ಕಾಫಿ ತೋಟದ ಮಣ್ಣು ದಾರಿಗಳಿಗೆ ಬಂದಾಗ ರೇಸ್ ಚಾಲಕ ಗೌರವ್ ಗಿಲ್ ಓಡಿಸಿದ್ದು ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗುವ ಸ್ಕೋಡಾ ಫಾಬಿಯಾ. ತಿರುವಿನಿಂದ ಅದು ಹೊರಬೀಳುವ ಪರಿ ನೋಡಿದವರಿಗೆ ಮಾಮೂಲಿ ಕಾರು ಸಪ್ಪೆ ಅನಿಸುವುದು ಸಹಜ. ಈ ಸಲ ಪೂರ್ತಿ ಜಾಗ ಅಂಥ ಕಾರು ಕಟ್ಟುವ ಪ್ರಶ್ನೆಗಳಿಗೇ.

ಪ್ರಶ್ನೆ: ತೋಟದಲ್ಲಿ ಹಳೇ ಜಿಪ್ಸಿ ಇದೆ. ಬಾಡಿ ತುಕ್ಕು ಹಿಡಿದಿದೆ. ಟ್ರಾನ್ಸ್‌ಫರ್ ಕೇಸ್, ಎರಡೂ ಆಕ್ಸಲ್ ಚೆನ್ನಾಗಿವೆ. ಪೈಪ್ ಫ್ರೇಮ್ ಕಟ್ಟಿ, ಸ್ವಿಫ್ಟ್ ಎಂಜಿನ್ ಕೂರಿಸಿ ಆಟೋಕ್ರಾಸ್‌ಗೆ (ಮಣ್ಣಿನ ಟ್ರ್ಯಾಕಿನ ರೇಸ್) ಇಳಿಸಬಹುದೇ? ಅದನ್ನೇ ಡಾಂಬರು ರಸ್ತೆಯ ಹಿಲ್ ಕ್ಲೈಂಬ್‌ಗೂ ಬಳಸುವ ಆಸೆ.
– ಮೂಡಿಗೆರೆಯ ಓದುಗರು

ಮಣ್ಣಿನ ಆಟೋಕ್ರಾಸ್‌ಗೆ ಆಗುತ್ತದೆ. ಡಾಂಬರಿಗೆ ಬೇಡ. ತೊಂದರೆ ಇರುವುದು ಎಂಜಿನ್‌ನಲ್ಲಲ್ಲ, ನೀವು ಚೆನ್ನಾಗಿದೆ ಅನ್ನುತ್ತಿರುವ ಆ ಟ್ರಾನ್ಸ್‌ಫರ್ ಕೇಸ್‌ನಲ್ಲೇ, ಅಂದರೆ ಗೇರ್‌ಬಾಕ್ಸ್‌ನ ಶಕ್ತಿಯನ್ನು ಮುಂದಿನ, ಹಿಂದಿನ ಆಕ್ಸಲ್‌ಗೆ ಹಂಚುವ ಪೆಟ್ಟಿಗೆಯಲ್ಲೇ.

ಕಾರು ತಿರುಗುವಾಗ ಮುಂದಿನ ಚಕ್ರಗಳು ಹಿಂದಿನವಕ್ಕಿಂತ ದೊಡ್ಡ ಸುತ್ತು ಹಾಕುತ್ತವೆ. ಲೆಕ್ಕ ಮಾಡಿ ನೋಡೋಣ. ಜಿಪ್ಸಿಯ ವೀಲ್‌ಬೇಸ್ 2375 ಮಿ.ಮೀ. ಹಿಂದಿನ ಆಕ್ಸಲ್‌ನ ಮಧ್ಯಭಾಗ 5 ಮೀಟರ್ ತ್ರಿಜ್ಯದ ವೃತ್ತದಲ್ಲಿ ತಿರುಗಿದರೆ ಮುಂದಿನದು ಸುಮಾರು 5.5 ಮೀಟರ್ ತ್ರಿಜ್ಯದಲ್ಲಿ ಹೋಗುತ್ತದೆ. ಪೂರ್ತಿ ಒಂದು ಸುತ್ತಿಗೆ ಮುಂದಿನವು ಸುಮಾರು 3.4 ಮೀಟರ್ ಹೆಚ್ಚು ಓಡಬೇಕು. ಆ ಟಯರಿನ ಸುತ್ತಳತೆ 2.1 ಮೀಟರ್ ಆಸುಪಾಸು. ಅಂದರೆ ಮುಂದಿನ ಚಕ್ರಗಳು ಹಿಂದಿನವಕ್ಕಿಂತ ಒಂದೂವರೆ ಸುತ್ತಿಗೂ ಹೆಚ್ಚು ತಿರುಗಬೇಕು. ಜಿಪ್ಸಿಯಲ್ಲಿ ಫೋರ್ ವೀಲ್ ಹಾಕಿದಾಗ ಮುಂದಿನ, ಹಿಂದಿನ ಶಾಫ್ಟ್‌ಗಳು ಒಂದಕ್ಕೊಂದು ಬಿಗಿದುಕೊಂಡಿರುತ್ತವೆ. ವ್ಯತ್ಯಾಸ ತುಂಬಿಕೊಡುವ ಸೆಂಟರ್ ಡಿಫರೆನ್ಷಿಯಲ್ ಅದರಲ್ಲಿಲ್ಲ. ಮಣ್ಣಿನಲ್ಲಿ ಚಕ್ರ ಜಾರಿ ಲೆಕ್ಕ ಸರಿಮಾಡಿಕೊಳ್ಳುತ್ತದೆ. ಡಾಂಬರಿನಲ್ಲಿ ಜಾರುವುದಿಲ್ಲ, ಶಾಫ್ಟ್ ಮುರುಚಿಕೊಳ್ಳುತ್ತಾ ಹೋಗುತ್ತದೆ.

ನಂಬಿಕೆ ಬರದಿದ್ದರೆ ಕಾಫಿ ಒಣಗಿಸುವ ಕಣದಲ್ಲಿ ಫೋರ್ ವೀಲ್ ಹಾಕಿ, ಸ್ಟೀರಿಂಗ್ ಪೂರ್ತಿ ತಿರುಗಿಸಿ, ತೀರಾ ನಿಧಾನವಾಗಿ ಸ್ವಲ್ಪ ದೂರ ಹೋಗಿ. ಗಾಡಿ ತಡೆದು ತಡೆದು ಹೋಗುತ್ತದೆ. ನಿಲ್ಲಿಸಿ ಟೂ ವೀಲ್‌ಗೆ ತರಲು ನೋಡಿದರೆ ಲಿವರ್ ಜಗ್ಗುವುದಿಲ್ಲ. ಸ್ವಲ್ಪ ರಿವರ್ಸ್ ತೆಗೆದುಕೊಂಡರೆ ಟಕ್ ಅಂತ ಬಿಡುತ್ತದೆ. ಆ ಬಿಗಿತವೇ ರೇಸಿನ ವೇಗದಲ್ಲಿ ಶಾಫ್ಟ್‌ನ ಕ್ರಾಸ್‌ಗಳನ್ನೂ ಆಕ್ಸಲ್‌ನೊಳಗಿನ ಹಲ್ಲಿನ ಚಕ್ರದ ಜೋಡಿ ಕ್ರೌನ್ ಪಿನಿಯನ್ ಅನ್ನೂ ತಿನ್ನುವುದು. ಅದಕ್ಕಿಂತ ಮೊದಲು ಕಾರು ತಿರುಗದೆ ನೇರ ಹೋಗುತ್ತದೆ.

ಇನ್ನು ಸ್ವಿಫ್ಟ್ ಎಂಜಿನ್. ಯಾವ ಸ್ವಿಫ್ಟ್? 1.3 ಲೀಟರಿನ ಹಳೇ ಪೆಟ್ರೋಲ್ ಸ್ವಿಫ್ಟ್, ಎಸ್ಟೀಮ್, 1.3 ಲೀಟರ್ ಜಿಪ್ಸಿ ಮೂರೂ ಸುಜುಕಿಯ ಜಿ13 ಕುಟುಂಬದವು. ಅದಾದರೆ ಕೆಲಸ ಸಲೀಸು. ಆಮೇಲೆ ಬಂದ ಕೆ12 ಎಂಜಿನ್ ಆದರೆ ಗೇರ್‌ಬಾಕ್ಸ್‌ಗೆ ಕೂರಿಸಲು ಅಡಾಪ್ಟರ್ ಪ್ಲೇಟ್ ಮಾಡಿಸಬೇಕು. ಆ ಪ್ಲೇಟ್‌ನಲ್ಲಿ ಕ್ರ್ಯಾಂಕಿನ ಮಧ್ಯ ಮತ್ತು ಗೇರ್‌ಬಾಕ್ಸ್ ಶಾಫ್ಟ್‌ನ ಮಧ್ಯ ಕೂದಲೆಳೆಯಷ್ಟೂ ಆಚೀಚೆ ಆಗಬಾರದು. ಡಯಲ್ ಗೇಜ್ ಇಟ್ಟು ನೋಡಿಕೊಡುವ ಲೇತ್‌ನವರಿಗೇ ಕೊಡಿ.

ಪ್ರಶ್ನೆ: ಹಾಗಾದರೆ ಡಾಂಬರಿಗೆ ಯಾವ ಕಾರಿನ ಸಾಮಾನು ತೆಗೆದುಕೊಳ್ಳಬೇಕು? ಡಸ್ಟರ್ ಆಲ್ ವೀಲ್ ಡ್ರೈವ್ ಒಂದು ಗುಜರಿಗೆ ಬಂದಿದೆ. ಸುಬಾರು ಗೇರ್‌ಬಾಕ್ಸ್ ಸಿಗಬಹುದು ಅಂತಲೂ ಹೇಳುತ್ತಾರೆ.
– ಬೆಂಗಳೂರಿನ ಓದುಗರು

ನನ್ನ ಸಲಹೆ ಒಂದೇ. ಗೇರ್‌ಬಾಕ್ಸ್, ಟ್ರಾನ್ಸ್‌ಫರ್ ಕೇಸ್, ಎರಡೂ ಡಿಫರೆನ್ಷಿಯಲ್, ಹಬ್‌ಗಳು, ಆಕ್ಸಲ್ ಶಾಫ್ಟ್‌ಗಳು ಎಲ್ಲವೂ ಒಂದೇ ಕಾರಿನಿಂದ ಬರಲಿ. ಎಂಜಿನ್ ಬೇರೆಯದಾದರೂ ನಡೆಯುತ್ತದೆ. ಶೆಡ್‌ಗಳಲ್ಲಿ ಅರ್ಧಕ್ಕೆ ನಿಂತ ಕಾರುಗಳನ್ನು ನೋಡಿದರೆ ಹೆಚ್ಚಿನವು ಸಿಕ್ಕಿದ್ದನ್ನೆಲ್ಲ ಸೇರಿಸಲು ಹೋದವೇ.

ಡಸ್ಟರ್‌ನಲ್ಲಿ ಎಂಜಿನ್ ಅಡ್ಡ ಕೂತಿದೆ. ಹಿಂದಿನ ಚಕ್ರಕ್ಕೆ ಶಕ್ತಿ ಹೋಗುವುದು ಹಿಂದಿನ ಡಿಫರೆನ್ಷಿಯಲ್‌ನ ಮುಂದಿರುವ ಎಲೆಕ್ಟ್ರೋ ಮ್ಯಾಗ್ನೆಟಿಕ್ ಕಪ್ಲಿಂಗ್ ಮೂಲಕ. ಯಾವಾಗ, ಎಷ್ಟು ಹಿಡಿಯಬೇಕು ಎಂದು ಅದಕ್ಕೆ ಹೇಳುವುದು ಕಂಪ್ಯೂಟರ್. ಕಬ್ಬಿಣ ಮಾತ್ರ ತಂದು ವೈರಿಂಗ್, ಚಕ್ರದ ಸೆನ್ಸರ್, ಕಂಟ್ರೋಲ್ ಯೂನಿಟ್ ಬಿಟ್ಟು ಬಂದರೆ ನಿಮ್ಮದು ಬರೀ ಮುಂದಿನ ಚಕ್ರದ ಕಾರು, ಮೇಲೆ ಒಂದಿಷ್ಟು ಸುಮ್ನೆ ಹೊರುವ ಭಾರ. ತೆಗೆದುಕೊಳ್ಳುವುದಾದರೆ ಇಡೀ ಕಾರು ತೆಗೆದುಕೊಳ್ಳಿ.

ಸುಬಾರು ಗೇರ್‌ಬಾಕ್ಸ್ ಶೆಡ್ ಕೆಲಸಕ್ಕೆ ಹೇಳಿ ಮಾಡಿಸಿದ್ದು, ಒಪ್ಪುತ್ತೇನೆ. ಎಂಜಿನ್ ಉದ್ದಕ್ಕೆ ಕೂರುತ್ತದೆ. ಮುಂದಿನ ಡಿಫರೆನ್ಷಿಯಲ್ ಗೇರ್‌ಬಾಕ್ಸ್ ಒಳಗೇ ಇದೆ. ಮ್ಯಾನ್ಯುಯಲ್ ಆದರೆ ಸೆಂಟರ್ ಡಿಫರೆನ್ಷಿಯಲ್ ಕೂಡ ಒಳಗೇ. ಹೊರದೇಶಗಳಲ್ಲಿ ಮನೆಯಲ್ಲೇ ಕಾರು ಕಟ್ಟುವವರು ಅದಕ್ಕೆ ಮುಗಿಬೀಳುವುದು ಅದಕ್ಕೇ. ಆದರೆ ಸುಬಾರು ತನ್ನ ಹೆಸರಿನಲ್ಲಿ ಇಲ್ಲಿ ಕಾರು ಮಾರಲಿಲ್ಲ. ಷೆವರ್ಲೆ ಫಾರೆಸ್ಟರ್ ಅಂತ ಬಂದದ್ದು ಅದೇ ಸುಬಾರು, ಬಂದಿದ್ದೂ ಕಡಿಮೆ. ಒಂದು ಗೇರ್ ಹಲ್ಲು ಮುರಿದರೆ ಮುಂದೇನು ಅಂತ ಯೋಚಿಸಿ.

ನನ್ನನ್ನು ಕೇಳಿದರೆ ಹಳೇ ಗ್ರ್ಯಾಂಡ್ ವಿಟಾರಾ ಹುಡುಕಿ. 2022ರಲ್ಲಿ ಬಂದ ಹೊಸದಲ್ಲ, ಅದಕ್ಕಿಂತ ಮೊದಲು ಹೊರಗಿನಿಂದ ತರಿಸಿ ಮಾರುತ್ತಿದ್ದದ್ದು. ಎಂಜಿನ್ ಉದ್ದಕ್ಕಿದೆ, ಸದಾ ಫೋರ್ ವೀಲ್, ಸೆಂಟರ್ ಡಿಫರೆನ್ಷಿಯಲ್ ಇದೆ, ಬೇಕಾದಾಗ ಅದನ್ನು ಲಾಕ್ ಮಾಡಬಹುದು. ಹಿಂದಿನ ಸಸ್ಪೆನ್ಷನ್ ಕೂಡ ಇಂಡಿಪೆಂಡೆಂಟ್. ಭಾರ ಜಾಸ್ತಿ, ನಿಜ.

ಸಾಮಾನು ಎಲ್ಲಿಂದಲೇ ಬರಲಿ, ಎರಡೂ ಕ್ರೌನ್ ಪಿನಿಯನ್‌ಗಳ ಹಲ್ಲು ಎಣಿಸಿ. ಸುಬಾರುವಿನಲ್ಲೇ 37ಕ್ಕೆ 9 ಹಲ್ಲಿನದೂ ಇದೆ, 40ಕ್ಕೆ 9ರದ್ದೂ ಇದೆ. ಅಂದರೆ 4.11 ಮತ್ತು 4.44. ಮುಂದೆ ಒಂದು, ಹಿಂದೆ ಇನ್ನೊಂದು ಹಾಕಿದರೆ ನೇರ ರಸ್ತೆಯಲ್ಲೂ ಮುಂದಿನ, ಹಿಂದಿನ ಶಾಫ್ಟ್‌ಗಳ ನಡುವೆ ಶೇ 8ರಷ್ಟು ಜಗಳ ನಡೆಯುತ್ತಲೇ ಇರುತ್ತದೆ. ಸೆಂಟರ್ ಡಿಫರೆನ್ಷಿಯಲ್‌ನ ವಿಸ್ಕಸ್ ಕಪ್ಲಿಂಗ್ (ವೇಗದ ವ್ಯತ್ಯಾಸ ತಡೆಯುವ, ದಪ್ಪ ಎಣ್ಣೆ ತುಂಬಿದ ಕ್ಲಚ್) ಕಾದು ಸುಟ್ಟುಹೋಗುತ್ತದೆ. ಟಯರ್ ಅಳತೆಯೂ ನಾಲ್ಕಕ್ಕೂ ಒಂದೇ ಇರಬೇಕು. ಮುಂದೆ ಸವೆದದ್ದು, ಹಿಂದೆ ಹೊಸದು ಅಂತೆಲ್ಲ ಮಾಡಬೇಡಿ.

ಪ್ರಶ್ನೆ: ಮುಂದೊಂದು, ಹಿಂದೊಂದು ಎಂಜಿನ್ ಇಟ್ಟರೆ ಸೆಂಟರ್ ಡಿಫರೆನ್ಷಿಯಲ್, ಉದ್ದದ ಶಾಫ್ಟ್ ಯಾವುದೂ ಬೇಡ ಅಲ್ವಾ? ನಗಬೇಡಿ.
– ಪುತ್ತೂರಿನ ಓದುಗರು

ಯಾಕೆ ನಗಲಿ? ಜಪಾನಿನ ನೊಬುಹಿರೊ ತಾಜಿಮಾ ಇದನ್ನೇ ಮಾಡಿದರು. ಅಮೆರಿಕದ ಕೊಲರಾಡೊದಲ್ಲಿ ಪೈಕ್ಸ್ ಪೀಕ್ ಎಂಬ ಬೆಟ್ಟದ ರೇಸ್ ಇದೆ. ಸುಮಾರು 20 ಕಿ.ಮೀ., 156 ತಿರುವು, ಮುಗಿಯುವುದು 4,300 ಮೀಟರ್ ಎತ್ತರದಲ್ಲಿ. ಅಲ್ಲಿಗೆ ಅವರು ಎರಡು ಎಂಜಿನ್‌ನ ಸುಜುಕಿ ಕಲ್ಟಸ್ ತಂದರು, ಆಮೇಲೆ ಎರಡು ಎಂಜಿನ್‌ನ ಎಸ್ಕುಡೊ. 1995ರಲ್ಲಿ ಗೆದ್ದರು. ಅಂದಹಾಗೆ ನಮ್ಮ ಮಾರುತಿ 1000 ಕೂಡ ಅದೇ ಕಲ್ಟಸ್ ವಂಶದ್ದು.

ನೀವು ಹೇಳಿದ್ದು ಸರಿ. ಮುಂದಿನ, ಹಿಂದಿನ ಚಕ್ರಗಳ ನಡುವೆ ಕೊಂಡಿಯೇ ಇಲ್ಲದ ಮೇಲೆ ಮುರುಚಿಕೊಳ್ಳುವ ಪ್ರಶ್ನೆಯಿಲ್ಲ. ಒಂದು ಕಾರಿನ ಮುಂದಿನ ಸಬ್‌ಫ್ರೇಮ್ ಇಡಿಯಾಗಿ ತಂದು ಸೀಟಿನ ಹಿಂದೆ ಕೂರಿಸಬಹುದು. ಅದರ ಸ್ಟೀರಿಂಗ್ ಟೈ ರಾಡ್‌ಗಳನ್ನು ಮಾತ್ರ ಫ್ರೇಮಿಗೆ ಗಟ್ಟಿಯಾಗಿ ಬಿಗಿಯಬೇಕು. ಇಲ್ಲದಿದ್ದರೆ ಹಿಂದಿನ ಚಕ್ರಗಳು ತಮಗೆ ತೋಚಿದ ಕಡೆ ತಿರುಗುತ್ತವೆ.

ಕಷ್ಟ ಶುರುವಾಗುವುದು ಆಮೇಲೆ. ಎರಡು ಕ್ಲಚ್, ಎರಡು ರೇಡಿಯೇಟರ್, ಎರಡು ಗೇರ್‌ಬಾಕ್ಸ್. ಒಂದೇ ಲಿವರಿನಿಂದ ಎರಡೂ ಒಟ್ಟಿಗೆ ಬೀಳಬೇಕು. ತಿರುವಿನ ಮಧ್ಯದಲ್ಲಿ ಹಿಂದಿನದು ಮೂರನೇ ಗೇರಿಗೆ ಬೀಳದೆ ನ್ಯೂಟ್ರಲ್‌ನಲ್ಲಿ ಉಳಿದರೆ ಕಾರಿನ ಸ್ವಭಾವವೇ ಒಂದು ಕ್ಷಣದಲ್ಲಿ ಬದಲಾಗುತ್ತದೆ. ಒಂದು ವಿಷಯ ಗಮನಿಸಿ. ಪೈಕ್ಸ್ ಪೀಕ್‌ನಲ್ಲಿ 10 ನಿಮಿಷದೊಳಗೆ ಮೊದಲು ಬೆಟ್ಟ ಹತ್ತಿದ್ದೂ ಇದೇ ತಾಜಿಮಾ, 2011ರಲ್ಲಿ, 9 ನಿಮಿಷ 51 ಸೆಕೆಂಡಿನಲ್ಲಿ. ಆ ಕಾರಿನಲ್ಲಿ ಇದ್ದದ್ದು ಒಂದೇ ಎಂಜಿನ್.

ಪ್ರಶ್ನೆ: ಗೇಟು, ಗ್ರಿಲ್ ಮಾಡುವ ಗೆಳೆಯ ರೋಲ್ ಕೇಜ್ (ಕಾರು ಪಲ್ಟಿಯಾದರೆ ಕಾಪಾಡುವ ಪೈಪಿನ ಪಂಜರ) ವೆಲ್ಡಿಂಗ್ ಮಾಡಿಕೊಡುತ್ತಾನೆ. ಯಾವ ಪೈಪ್ ತರಲಿ?
– ತೀರ್ಥಹಳ್ಳಿಯ ಓದುಗರು

ಅವರ ಅಂಗಡಿಯಲ್ಲಿರುವುದನ್ನಂತೂ ಬೇಡ. ಗೇಟಿನ ಪೈಪಿಗೆ ಉದ್ದಕ್ಕೂ ಒಂದು ಹೊಲಿಗೆ ಇರುತ್ತದೆ. ಕಾರು ಪಲ್ಟಿಯಾದಾಗ ಅದು ಸೀಳಬಹುದು. ಅಂತರರಾಷ್ಟ್ರೀಯ ಮೋಟಾರ್ ರೇಸ್ ಸಂಸ್ಥೆ ಎಫ್‌ಐಎ ನಿಯಮ ಕೇಳುವುದು ಹೊಲಿಗೆಯಿಲ್ಲದ, ಕೋಲ್ಡ್ ಡ್ರಾನ್ (ಕಾಯಿಸದೆ ಎಳೆದು ಮಾಡಿದ) ಕಾರ್ಬನ್ ಸ್ಟೀಲ್. ಎಳೆತ ತಡೆಯುವ ಕನಿಷ್ಠ ಬಲ 350 ಮೆಗಾಪಾಸ್ಕಲ್. ಸೀಟಿನ ಹಿಂದಿನ ಮುಖ್ಯ ಕಮಾನಿಗೆ 45 ಮಿ.ಮೀ. ವ್ಯಾಸ, 2.5 ಮಿ.ಮೀ. ದಪ್ಪ. ಅಡ್ಡ ಪೈಪುಗಳಿಗೆ 38 ಮಿ.ಮೀ., ಅದೇ ದಪ್ಪ. ಬೆಂಕಿಯಲ್ಲಿ ಕಾಯಿಸಿ ಬಗ್ಗಿಸುವಂತಿಲ್ಲ. ಬಗ್ಗಿಸಿದ ಕಡೆ ಒಳಗೆ ಸುಕ್ಕು ಬಂದಿದ್ದರೆ ಆ ಪೈಪ್ ಗುಜರಿಗೆ. ಸ್ಪರ್ಧೆಗೆ ಹೋಗುವ ಕಾರನ್ನು ಸ್ಕ್ರೂಟಿನಿಯಲ್ಲಿ, ಅಂದರೆ ರೇಸಿಗೆ ಮುಂಚಿನ ತಪಾಸಣೆಯಲ್ಲಿ ನೋಡುತ್ತಾರೆ. ಹಾಗಾಗಿ ವೆಲ್ಡಿಂಗ್‌ಗೆ ಮೊದಲೇ ನಕ್ಷೆ ಹಿಡಿದು ಸ್ಥಳೀಯ ಮೋಟಾರ್ ಸ್ಪೋರ್ಟ್ಸ್ ಕ್ಲಬ್‌ನ ಸ್ಕ್ರೂಟಿನಿಯರ್ ಒಬ್ಬರನ್ನು ಕಾಣಿ.

ನಿಮ್ಮ ಗೆಳೆಯನಿಗೆ ಬ್ಯಾಟರಿ ಸ್ಟ್ಯಾಂಡ್ ಕೊಡಿ. ಕೇಜ್‌ಗೆ ಟಿಗ್ ವೆಲ್ಡಿಂಗ್‌ನಲ್ಲಿ (ಅನಿಲದ ರಕ್ಷಣೆಯಲ್ಲಿ ಮಾಡುವ ವೆಲ್ಡಿಂಗ್) ಪಳಗಿದ ಕೈ ಬೇಕು.

ಪ್ರಶ್ನೆ: ಕಟ್ಟಿದ ಕಾರನ್ನು ಊರೊಳಗೆ ಓಡಿಸಬಹುದೇ?
– ಹಲವರು

ಇಲ್ಲ. ಗಾಡಿಯನ್ನು ತಯಾರಕರ ಮೂಲ ವಿವರಗಳಿಗಿಂತ ಬೇರೆಯಾಗುವ ಹಾಗೆ ಬದಲಾಯಿಸುವಂತಿಲ್ಲ ಎಂದು 2019ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಟ್ರೈಲರ್ ಮೇಲೆ ಹಾಕಿಕೊಂಡೇ ಹೋಗಬೇಕು. ಸ್ಪರ್ಧಿಸಲು ದೇಶದ ಮೋಟಾರ್ ರೇಸ್ ಸಂಸ್ಥೆ ಎಫ್‌ಎಂಎಸ್‌ಸಿಐಯ ಲೈಸೆನ್ಸ್ ಬೇಕು.

ಪ್ರಶ್ನೆ: ಮಗ, ಅವನ ಗೆಳೆಯರು ಸೇರಿ ಮನೆ ಹಿಂದಿನ ಶೆಡ್‌ನಲ್ಲಿ ಕಾರು ಬಿಚ್ಚಿ ಹಾಕಿದ್ದಾರೆ. ನನಗೆ ಒಂದೂ ಅರ್ಥವಾಗುವುದಿಲ್ಲ. ತಾಯಿಯಾಗಿ ನಾನು ಏನು ನೋಡಬೇಕು?
– ಹಾಸನದ ಓದುಗರು

ಮೇಡಂ, ಈ ಸಲದ ಅತ್ಯುತ್ತಮ ಪ್ರಶ್ನೆ ನಿಮ್ಮದೇ. ಒಳಗೆ ಹೋದ ತಕ್ಷಣ ಕಾರಿನ ಕೆಳಗೆ ನೋಡಿ. ಬರೀ ಜ್ಯಾಕ್ ಮೇಲೆ, ಇಲ್ಲವೇ ಇಟ್ಟಿಗೆ, ಹಾಲೋ ಬ್ಲಾಕ್ ಮೇಲೆ ನಿಂತಿದ್ದರೆ ಅವತ್ತಿನ ಕೆಲಸ ನಿಲ್ಲಿಸಿ. ಹಾಲೋ ಬ್ಲಾಕ್ ಮುನ್ಸೂಚನೆ ಕೊಡದೆ ಪುಡಿಯಾಗುತ್ತದೆ. ಕಬ್ಬಿಣದ ಆಕ್ಸಲ್ ಸ್ಟ್ಯಾಂಡ್ ಇರಲೇಬೇಕು, ಅದೂ ಗಟ್ಟಿ ಕಾಂಕ್ರೀಟ್ ನೆಲದ ಮೇಲೆ.

ಪೆಟ್ರೋಲ್ ಟ್ಯಾಂಕ್ ಶೆಡ್‌ನಿಂದ ಹೊರಗಿರಲಿ. ಖಾಲಿ ಟ್ಯಾಂಕ್ ಇನ್ನೂ ಅಪಾಯ, ಒಳಗಿನ ಆವಿಗೆ ಒಂದು ಕಿಡಿ ಸಾಕು. ಬೆಂಕಿ ಆರಿಸುವ ಸಿಲಿಂಡರ್ ಬಾಗಿಲ ಹತ್ತಿರ ಬೇಕು, ಮೂಲೆಯಲ್ಲಲ್ಲ.

ಅವರು ಬ್ರೇಕ್ ಕ್ಲೀನರ್ ಸ್ಪ್ರೇ ಬಳಸುತ್ತಿದ್ದರೆ ಡಬ್ಬಿ ತಿರುಗಿಸಿ ಓದಿ. ಕ್ಲೋರಿನ್ ಇರುವ ದ್ರಾವಕ, ಉದಾಹರಣೆಗೆ ಟೆಟ್ರಾಕ್ಲೋರೋಎಥಿಲೀನ್, ಎಂದಿದ್ದರೆ ಅದರಿಂದ ಒರೆಸಿದ ಕಬ್ಬಿಣಕ್ಕೆ ವೆಲ್ಡಿಂಗ್ ಮಾಡಬಾರದು. ಆರ್ಕ್‌ನ ಶಾಖಕ್ಕೆ ಫಾಸ್ಜೀನ್ ಎಂಬ ವಿಷದ ಅನಿಲ ಬರಬಹುದು. ಬೆಳ್ಳಗೆ ಹೊಳೆಯುವ ಜಿ.ಐ. ಪೈಪಿಗೂ ವೆಲ್ಡಿಂಗ್ ಬೇಡ. ಸತುವಿನ ಹೊಗೆ ಕುಡಿದರೆ ರಾತ್ರಿ ಚಳಿಜ್ವರ ಬರುತ್ತದೆ.

ಕೊನೆಗೆ ಶೆಡ್‌ಗೆ ಕರೆಂಟ್ ಎಲ್ಲಿಂದ ಬಂದಿದೆ ಕೇಳಿ. ಅಡುಗೆಮನೆ ಪ್ಲಗ್‌ನಿಂದ ಎಕ್ಸ್‌ಟೆನ್ಷನ್ ಎಳೆದಿದ್ದರೆ ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಕರೆಸಿ ಬೇರೆ ಲೈನ್, ಸರಿಯಾದ ಅರ್ಥಿಂಗ್ ಹಾಕಿಸಿ. ಅದರ ಬಿಲ್ ಮಗನ ಟರ್ಬೋ ದುಡ್ಡಿನಿಂದ ಕಟ್ಟಿಸಿ.